ಸೋತವರು ಕಟ್ಟಿದ ಆಟ

2007ರಲ್ಲಿ ಜಪಾನಿನ ‘ನಿಕೋ ನಿಕೋ ಡೌಗಾ’ ಎಂಬ ವಿಡಿಯೊ ತಾಣದಲ್ಲಿ ಒಂದು ಹಾಡು ಕಾಣಿಸಿಕೊಂಡಿತು. ಹೆಸರು ‘ಏರ್‌ಮ್ಯಾನ್ ಗಾ ತಾವೋಸೆನಾಯ್’. ‘ಏರ್‌ಮ್ಯಾನ್‌ನನ್ನು ಸೋಲಿಸಲು ಆಗುತ್ತಿಲ್ಲ’ ಎಂದು ಅದರ ಅರ್ಥ. ಹಾಡಿನ ವಸ್ತು ಬಹಳ ಸರಳ. ಒಬ್ಬ ಆಟಗಾರ ವಿಡಿಯೊ ಗೇಮಿನ ಒಂದೇ ಹಂತವನ್ನು ಮತ್ತೆ ಮತ್ತೆ ಆಡುತ್ತಾನೆ. ಕೊನೆಯಲ್ಲಿ ಎದುರಾಗುವ ಏರ್‌ಮ್ಯಾನ್ ಎಂಬ ಯಂತ್ರಮಾನವ ಬೀಸುವ ಸುಂಟರಗಾಳಿಯಿಂದ ತಪ್ಪಿಸಿಕೊಳ್ಳಲಾರದೆ ಪ್ರತಿ ಸಲವೂ ಸೋಲುತ್ತಾನೆ. ಮುಂದಿನ ಭಾಗದಲ್ಲಿ ವುಡ್‌ಮ್ಯಾನ್ ಎಂಬ ಇನ್ನೊಬ್ಬ ಬರುತ್ತಾನೆ, ಅವನೂ ಬಗ್ಗುವವನಲ್ಲ. ಈ ಗೋಳನ್ನು ಲಕ್ಷಾಂತರ ಮಂದಿ ಕೇಳಿದರು, ತಮ್ಮದೇ ಗೋಳೆಂಬಂತೆ ಹಾಡಿಕೊಂಡರು.

ಸೋಜಿಗದ ಸಂಗತಿಯೆಂದರೆ, ಹಾಡು ಹುಟ್ಟುವ ಹೊತ್ತಿಗೆ ಆ ಆಟಕ್ಕೆ 19 ವರ್ಷ ತುಂಬುತ್ತಿತ್ತು. 1988ರ ಡಿಸೆಂಬರ್ 24ರಂದು ಕ್ಯಾಪ್‌ಕಾಂ ಕಂಪನಿ ಬಿಡುಗಡೆ ಮಾಡಿದ ‘ರಾಕ್‌ಮ್ಯಾನ್ 2’ ಅದು. ಹೊರದೇಶಗಳಲ್ಲಿ ಅದರ ಹೆಸರು ‘ಮೆಗಾಮ್ಯಾನ್ 2’. ಹತ್ತು ವರ್ಷದ ಹುಡುಗನಾಗಿ ಏರ್‌ಮ್ಯಾನ್ ಎದುರು ಸೋತವನಿಗೆ 2007ರಲ್ಲಿ ಮೂವತ್ತು ಸಮೀಪಿಸುತ್ತಿತ್ತು. ಗೆದ್ದ ಆಟಗಳನ್ನು ಮರೆತರೂ ಸೋತ ಈ ಆಟವನ್ನು ಅವನು ಮರೆತಿರಲಿಲ್ಲ. ಈ ಆಟಮಾಲೆಯ ಇತಿಹಾಸವನ್ನು ನೋಡಿದರೆ, ಅದು ಬೆಳೆದದ್ದೂ ಕುಸಿದದ್ದೂ ಮತ್ತೆ ಎದ್ದದ್ದೂ ಬಹುಮಟ್ಟಿಗೆ ಇಂಥ ಆಟಗಾರರ ಪ್ರತಿಕ್ರಿಯೆಯಿಂದಲೇ ಎಂಬುದು ತಿಳಿಯುತ್ತದೆ.

ಕಟ್ಟೆಯಿಂದ ಕಟ್ಟೆಗೆ

‘ಪ್ಲಾಟ್‌ಫಾರಂ ಗೇಮ್’ ಎಂದರೆ ಕಟ್ಟೆಯಿಂದ ಕಟ್ಟೆಗೆ ನೆಗೆಯುತ್ತ, ಹಳ್ಳ ದಾಟುತ್ತ, ಏಣಿ ಹತ್ತುತ್ತ ಸಾಗುವ ಆಟ. 1981ರಲ್ಲಿ ನಿಂಟೆಂಡೊ ಕಂಪನಿಗಾಗಿ ಶಿಗೆರು ಮಿಯಾಮೊಟೊ ರೂಪಿಸಿದ ‘ಡಾಂಕಿ ಕಾಂಗ್’ ಇದಕ್ಕೆ ಹೆಸರು ತಂದುಕೊಟ್ಟಿತು; 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಮನೆಮನೆಗೆ ಒಯ್ದಿತು. ಅದಕ್ಕೆ ಬೇಕಾದ ಜಪಾನಿ ಯಂತ್ರದ ಹೆಸರು ಫ್ಯಾಮಿಕಾಂ. 1990ರ ದಶಕದಲ್ಲಿ ನಮ್ಮ ಊರುಗಳ ಅಂಗಡಿಗಳಲ್ಲಿ ‘ಟಿವಿ ಗೇಮ್’ ಎಂದು ಮಾರಾಟವಾದ ಅಗ್ಗದ ಪೆಟ್ಟಿಗೆಗಳಲ್ಲಿ ಬಹಳಷ್ಟು ಇದೇ ಫ್ಯಾಮಿಕಾಂನ ನಕಲುಗಳು. ದೂರದರ್ಶನದ ಮುಂದೆ ಕುಳಿತು ಮಾರಿಯೊ ಆಡಿದ ಕನ್ನಡದ ಮಕ್ಕಳಿಗೂ ಈ ನೆಗೆತದ ಲೋಕ ಹೊಸದೇನಲ್ಲ.

ಇಂಥ ಆಟ ಹಂತಗಳಾಗಿ ಒಡೆದಿರುತ್ತದೆ. ಹಂತದ ಕೊನೆಯಲ್ಲಿ ಕಾದಿರುವ ಬಲಿಷ್ಠ ಎದುರಾಳಿಗೆ ‘ಬಾಸ್’ ಎನ್ನುತ್ತಾರೆ. ಹಂತವನ್ನು ದಾಟುವುದು ಅಭ್ಯಾಸವಾದರೆ ಬಾಸ್‌ನೊಡನೆ ಕಾಳಗ ಪರೀಕ್ಷೆ. ದಾರಿಯಲ್ಲಿ ಕಲಿತದ್ದು ನಿಜಕ್ಕೂ ಕೈಗೆ ಹತ್ತಿದೆಯೇ ಎಂದು ಅಲ್ಲಿ ಗೊತ್ತಾಗುತ್ತದೆ.

ಪರೀಕ್ಷೆ ಎಷ್ಟು ಕಠಿಣವಾಗಿರಬೇಕು? ಈ ಪ್ರಶ್ನೆ ಬಹಳ ಬೇಗ ಎದ್ದಿತು. 1986ರ ಜೂನ್‌ನಲ್ಲಿ ಜಪಾನಿನಲ್ಲಿ ಬಂದ ‘ಸೂಪರ್ ಮಾರಿಯೊ ಬ್ರದರ್ಸ್ 2’ ಮೊದಲ ಆಟವನ್ನು ಅರೆದು ಕುಡಿದವರಿಗಾಗಿಯೇ ಮಾಡಿದ್ದು. ಅದರಲ್ಲಿ ತಿಂದರೆ ಸಾಯುವ ವಿಷದ ಅಣಬೆಗಳಿದ್ದವು, ಆಟಗಾರನನ್ನು ಹಿಂದಕ್ಕೆ ಕಳುಹಿಸುವ ಗುಪ್ತದಾರಿಗಳಿದ್ದವು. ನಿಂಟೆಂಡೊದ ಅಮೆರಿಕ ಶಾಖೆ ಅದನ್ನು ಪರೀಕ್ಷಿಸಿ, ಇದು ಆಡುವವರನ್ನು ರೇಗಿಸುತ್ತದೆಯೇ ಹೊರತು ರಂಜಿಸುವುದಿಲ್ಲ ಎಂದು ಬದಿಗಿಟ್ಟಿತು. ಅಮೆರಿಕದವರಿಗೆ ಅದೇ ಹೆಸರಿನಲ್ಲಿ ಬೇರೊಂದು ಆಟವನ್ನೇ ಕೊಡಲಾಯಿತು. ಮೂಲ ಆಟ ಅವರ ಕೈಗೆ ಸಿಕ್ಕಿದ್ದು 1993ರಲ್ಲಿ, ‘ಲಾಸ್ಟ್ ಲೆವೆಲ್ಸ್’ ಎಂಬ ಹೆಸರಿನಲ್ಲಿ. ಆಟಗಾರ ಸೋತು ಕಲಿಯುತ್ತಾನೋ, ಸೋತು ಎದ್ದುಹೋಗುತ್ತಾನೋ ಎಂಬ ಅಂಜಿಕೆ ಅಂದಿನಿಂದಲೇ ತಯಾರಕರನ್ನು ಕಾಡಿತು.

ಕಲ್ಲು, ಕಾಗದ, ಕತ್ತರಿ

ಒಸಾಕಾದ ಕ್ಯಾಪ್‌ಕಾಂ ನಾಣ್ಯ ಹಾಕಿ ಆಡುವ ಯಂತ್ರಗಳಿಗೆ ಹೆಸರಾದ ಕಂಪನಿ. ಮನೆಯ ಯಂತ್ರಕ್ಕೆಂದೇ ಹೊಸ ಆಟ ಮಾಡುವ ಕೆಲಸ ಅಕಿರಾ ಕಿತಾಮುರಾ ನೇತೃತ್ವದ ಪುಟ್ಟ ತಂಡದ ಪಾಲಿಗೆ ಬಂತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಕೇಜಿ ಇನಾಫುನೆ ಚಿತ್ರಗಳನ್ನು ಬರೆದ. 1987ರ ಡಿಸೆಂಬರ್ 17ರಂದು ‘ರಾಕ್‌ಮ್ಯಾನ್’ ಹೊರಬಂತು.

ಕಥೆ ಚಿಕ್ಕದು. ಡಾ. ಲೈಟ್ ಎಂಬ ಒಳ್ಳೆಯ ವಿಜ್ಞಾನಿ ಮಾಡಿದ ಆರು ಯಂತ್ರಮಾನವರನ್ನು ಡಾ. ವೈಲಿ ಎಂಬ ದುಷ್ಟ ವಿಜ್ಞಾನಿ ವಶಪಡಿಸಿಕೊಳ್ಳುತ್ತಾನೆ. ಅವರನ್ನು ಮಣಿಸಲು ನೀಲಿ ಕವಚ ತೊಟ್ಟ ಯಂತ್ರಬಾಲಕ ರಾಕ್ ಹೊರಡುತ್ತಾನೆ. ಹೊಸತು ಇದ್ದದ್ದು ನಿಯಮದಲ್ಲಿ. ಆರು ಹಂತಗಳನ್ನು ಯಾವ ಕ್ರಮದಲ್ಲಿ ಬೇಕಾದರೂ ಆಡಬಹುದು. ಸೋತ ಬಾಸ್‌ನ ಆಯುಧ ಗೆದ್ದವನಿಗೆ ಸೇರುತ್ತದೆ, ಮತ್ತು ಪ್ರತಿಯೊಬ್ಬ ಬಾಸ್ ಇನ್ನೊಬ್ಬನ ಆಯುಧಕ್ಕೆ ಸುಲಭವಾಗಿ ಬೀಳುತ್ತಾನೆ. ಬಂಡೆ ಎತ್ತಿ ಎಸೆಯುವ ಗಟ್ಸ್‌ಮ್ಯಾನ್‌ನ ಬಲದಿಂದ ಕತ್ತರಿಯ ಕಟ್‌ಮ್ಯಾನ್‌ನನ್ನು ಕೆಡವಬಹುದು, ಕತ್ತರಿಯಿಂದ ವಿದ್ಯುತ್ತಿನ ಎಲೆಕ್‌ಮ್ಯಾನ್‌ನನ್ನು, ವಿದ್ಯುತ್ತಿನಿಂದ ಹಿಮದ ಐಸ್‌ಮ್ಯಾನ್‌ನನ್ನು, ಹಿಮದಿಂದ ಬೆಂಕಿಯ ಫೈರ್‌ಮ್ಯಾನ್‌ನನ್ನು, ಬೆಂಕಿಯಿಂದ ಬಾಂಬ್‌ಮ್ಯಾನ್‌ನನ್ನು, ಬಾಂಬಿನಿಂದ ಮತ್ತೆ ಗಟ್ಸ್‌ಮ್ಯಾನ್‌ನನ್ನು. ಮಕ್ಕಳು ಆಡುವ ಕಲ್ಲು, ಕಾಗದ, ಕತ್ತರಿಯ ಆಟವನ್ನೇ ಹಿಗ್ಗಿಸಿದಂತೆ ಈ ಸರಪಳಿ.

ಈ ನಿಯಮ ಮಕ್ಕಳಿಗೆ ಮಾತನಾಡಲು ವಿಷಯವನ್ನು ಒದಗಿಸಿತು. ಯಾರು ಯಾರಿಗೆ ಬೀಳುತ್ತಾರೆ, ಯಾವ ಹಂತದಿಂದ ಆರಂಭಿಸಬೇಕು ಎಂಬುದು ಶಾಲೆಯ ಅಂಗಳದ ಚರ್ಚೆಯಾಯಿತು. ಪಾಸ್‌ವರ್ಡ್ ಆಗಲಿ, ಆಡಿದ್ದನ್ನು ಉಳಿಸಿಡುವ ಸೌಕರ್ಯವಾಗಲಿ ಇಲ್ಲದ ಆ ಆಟದಲ್ಲಿ, ಪಕ್ಕದ ಮನೆಯ ಹುಡುಗ ಹೇಳಿಕೊಟ್ಟ ಗುಟ್ಟೇ ದೊಡ್ಡ ಆಸ್ತಿ.

ಅಂಥ ಗುಟ್ಟುಗಳಲ್ಲಿ ಹೆಸರಾದದ್ದು ‘ಯೆಲ್ಲೊ ಡೆವಿಲ್’ಗೆ ಸಂಬಂಧಿಸಿದ್ದು. ವೈಲಿಯ ಕೋಟೆಯಲ್ಲಿ ಎದುರಾಗುವ ಈ ಹಳದಿ ರಾಕ್ಷಸ ತನ್ನ ಮೈಯನ್ನು ಉಂಡೆ ಉಂಡೆಯಾಗಿ ಒಡೆದು, ಪರದೆಯ ಈ ತುದಿಯಿಂದ ಆ ತುದಿಗೆ ಎಸೆದು ಮತ್ತೆ ಒಂದಾಗುತ್ತದೆ. ಪ್ರತಿ ಉಂಡೆಯನ್ನೂ ನೆಗೆದು ತಪ್ಪಿಸಿಕೊಳ್ಳಬೇಕು. ಅದರ ಕಣ್ಣು ತೆರೆದ ಕ್ಷಣಮಾತ್ರದಲ್ಲಿ ಹೊಡೆಯಬೇಕು. ಇಲ್ಲಿ ಆಟಗಾರರು ಒಂದು ದೋಷವನ್ನು ಪತ್ತೆಹಚ್ಚಿದರು. ಎಲೆಕ್‌ಮ್ಯಾನ್‌ನ ಮಿಂಚು ರಾಕ್ಷಸನಿಗೆ ತಾಗುವ ಹೊತ್ತಿಗೆ ‘ಸೆಲೆಕ್ಟ್’ ಗುಂಡಿಯನ್ನು ಒತ್ತಿ ಒತ್ತಿ ಆಟವನ್ನು ನಿಲ್ಲಿಸುತ್ತ ಬಿಡುತ್ತ ಹೋದರೆ, ಒಂದೇ ಮಿಂಚು ಹಲವು ಏಟುಗಳ ಕೆಲಸ ಮಾಡುತ್ತಿತ್ತು! ಇದು ಮೋಸವೇ, ಜಾಣತನವೇ ಎಂಬ ವಾದ ಇಂದಿಗೂ ಮುಗಿದಿಲ್ಲ. ತಯಾರಕರು ಕಾಣದ ಬಿರುಕನ್ನು ಸೋತವರ ಕಣ್ಣು ಕಂಡಿತೆಂಬುದಂತೂ ನಿಜ.

ಮಕ್ಕಳನ್ನೇ ಕೇಳಿದರು

ಮೊದಲ ಆಟಕ್ಕೆ ಒಳ್ಳೆಯ ಮಾತು ಬಂದರೂ ಕಂಪನಿ ಹಿಗ್ಗುವಷ್ಟು ಮಾರಾಟವಾಗಲಿಲ್ಲ. ಎರಡನೆಯದನ್ನು ಮಾಡಲು ಅನುಮತಿ ಸಿಕ್ಕಿದ್ದು, ಬೇರೆ ಕೆಲಸಗಳ ನಡುವೆ ಬಿಡುವು ಮಾಡಿಕೊಂಡು ಮಾಡುವುದಾದರೆ ಮಾಡಿ ಎಂಬ ಷರತ್ತಿನ ಮೇಲೆ ಎಂದು ಇನಾಫುನೆ ಮುಂದೆ ನೆನಪಿಸಿಕೊಂಡಿದ್ದಾನೆ. ಈ ಇಕ್ಕಟ್ಟಿನಲ್ಲಿ ಕ್ಯಾಪ್‌ಕಾಂ ಒಂದು ಹೊಸ ದಾರಿ ಹಿಡಿಯಿತು. ಮುಂದಿನ ಬಾಸ್‌ಗಳು ಹೇಗಿರಬೇಕೆಂದು ಮಕ್ಕಳಿಂದಲೇ ಚಿತ್ರಗಳನ್ನು ಆಹ್ವಾನಿಸಿತು.

ಬಂದ ಚಿತ್ರಗಳು 8,370. ‘ರಾಕ್‌ಮ್ಯಾನ್ 2’ರ ಎಂಟು ಬಾಸ್‌ಗಳು ಈ ರಾಶಿಯಿಂದ ಎದ್ದುಬಂದವರು, ಹಾಡಿನ ಏರ್‌ಮ್ಯಾನ್‌ನೂ ಅವರಲ್ಲಿ ಒಬ್ಬ. ಮಕ್ಕಳ ಗೀಚುಗಳನ್ನು ಕಂಪನಿಯ ಕಲಾವಿದರು ತಿದ್ದಿ ತೀಡಿ, ಅವಕ್ಕೆ ನಡಿಗೆ, ಆಯುಧ, ಹಂತ ಎಲ್ಲವನ್ನೂ ಒದಗಿಸಿದರು. ಯೋಜನೆ ಫಲಿಸಿತು. ಆ ಆಟದ 15 ಲಕ್ಷ ಪ್ರತಿಗಳು ಖರ್ಚಾದವು. ಮೂರನೆಯ ಆಟಕ್ಕೆ (1990) 50 ಸಾವಿರ, ನಾಲ್ಕನೆಯದಕ್ಕೆ (1991) 70 ಸಾವಿರ, ಐದನೆಯದಕ್ಕೆ (1992) 1.3 ಲಕ್ಷ, ಆರನೆಯದಕ್ಕೆ (1993) 2 ಲಕ್ಷ ಎಂಬಂತೆ ಚಿತ್ರಗಳ ಸಂಖ್ಯೆ ಏರುತ್ತ ಹೋಯಿತು.

ನಾಲ್ಕನೆಯ ಆಟಕ್ಕೆ ಆಯ್ಕೆಯಾದ ಎಂಟು ಚಿತ್ರಗಳಲ್ಲಿ ‘ಡಸ್ಟ್‌ಮ್ಯಾನ್’ ಒಂದು. ತಲೆಯ ಮೇಲೆ ಕಸ ಹೀರುವ ಯಂತ್ರ ಹೊತ್ತ ಈ ಆಸಾಮಿ, ಎದುರಾಳಿಯನ್ನು ತನ್ನತ್ತ ಸೆಳೆದುಕೊಂಡು, ನುಂಗಿದ ಗುಜರಿಯನ್ನೇ ಗುಂಡಿನಂತೆ ಉಗುಳುತ್ತಾನೆ. ಅವನನ್ನು ಬರೆದ ಶಾಲಾಬಾಲಕನ ಹೆಸರು ಯೂಸುಕೆ ಮುರಾಟಾ. ಮರುವರ್ಷ ಅವನೇ ಬರೆದ ‘ಕ್ರಿಸ್ಟಲ್‌ಮ್ಯಾನ್’ ಐದನೆಯ ಆಟಕ್ಕೆ ಆಯ್ಕೆಯಾಯಿತು. ಅದೇ ಹುಡುಗ ಬೆಳೆದು ‘ಐಶೀಲ್ಡ್ 21’, ‘ಒನ್ ಪಂಚ್ ಮ್ಯಾನ್’ ಚಿತ್ರಕಥೆಗಳ ಕಲಾವಿದನಾಗಿ ಪ್ರಸಿದ್ಧನಾದ. ನಾಲ್ಕನೆಯ ಆಟದ ವಿಜೇತರಿಗೆ ಸಿಕ್ಕ ಚಿನ್ನದ ಬಣ್ಣದ ಕ್ಯಾಸೆಟ್ಟುಗಳು ಇಂದು ಸಂಗ್ರಾಹಕರು ಹುಡುಕಿಕೊಂಡು ಅಲೆಯುವ ವಸ್ತುಗಳಾಗಿವೆ.

ಆರನೆಯ ಆಟದ ಹೊತ್ತಿಗೆ ಸ್ಪರ್ಧೆ ಕಡಲು ದಾಟಿತ್ತು. ‘ನಿಂಟೆಂಡೊ ಪವರ್’ ಪತ್ರಿಕೆಯ ಮೂಲಕ ಉತ್ತರ ಅಮೆರಿಕದ ಮಕ್ಕಳನ್ನೂ ಕರೆಯಲಾಯಿತು. ಆ ಆಟದ ನೈಟ್‌ಮ್ಯಾನ್ ಕೆನಡಾದವನ ಕಲ್ಪನೆ, ವಿಂಡ್‌ಮ್ಯಾನ್ ಅಮೆರಿಕದವನದು.

ಹತ್ತು ಸಲ ಸತ್ತ ಮೇಲೆ

ಮಕ್ಕಳು ಬಾಸ್ ಬರೆದುಕೊಟ್ಟರೆಂದು ಕಂಪನಿ ಅವರಿಗೆ ದಾರಿಯನ್ನೇನೂ ಸುಗಮ ಮಾಡಲಿಲ್ಲ. ‘ರಾಕ್‌ಮ್ಯಾನ್ 2’ರ ಕ್ವಿಕ್‌ಮ್ಯಾನ್ ಹಂತ ಇದಕ್ಕೆ ಒಳ್ಳೆಯ ಉದಾಹರಣೆ. ಕೆಳಕ್ಕೆ ಬೀಳುತ್ತ ಹೋಗುವ ಆಟಗಾರನ ಅಕ್ಕಪಕ್ಕದಿಂದ ಬೆಳಕಿನ ಕಂಬಿಗಳು ಚಿಮ್ಮುತ್ತವೆ. ತಾಗಿದರೆ ಆ ಕ್ಷಣವೇ ಸಾವು. ನೋಡಿ ತಪ್ಪಿಸಿಕೊಳ್ಳುವಷ್ಟು ಹೊತ್ತಿಲ್ಲ, ದಾರಿ ಬಾಯಿಪಾಠವಾಗಬೇಕು. ಫ್ಲಾಶ್‌ಮ್ಯಾನ್‌ನಿಂದ ಗೆದ್ದ ಕಾಲ ನಿಲ್ಲಿಸುವ ಆಯುಧ ಇದ್ದರೆ ಕಂಬಿಗಳನ್ನು ತಡೆಯಬಹುದು. ಆದರೆ ಅದೇ ಆಯುಧ ಕ್ವಿಕ್‌ಮ್ಯಾನ್‌ನ ಅರ್ಧ ಪ್ರಾಣವನ್ನೂ ಹೀರಬಲ್ಲದು. ದಾರಿಯಲ್ಲಿ ಖರ್ಚು ಮಾಡಿದರೆ ಕಾಳಗಕ್ಕೆ ಇಲ್ಲ. ಕಾಳಗಕ್ಕೆ ಉಳಿಸಿದರೆ ದಾರಿಯಲ್ಲಿ ಸಾವು. ಇಂಥ ಸಂದಿಗ್ಧವೇ ಆಟಗಾರರನ್ನು ಮತ್ತೆ ಮತ್ತೆ ಎಳೆದುತಂದಿತು.

ಅದೇ ಆಟದ ‘ಮೆಟಲ್‌ಮ್ಯಾನ್’ ಎಲ್ಲರನ್ನೂ ನಗಿಸಿದ. ಕೋಟೆಯಲ್ಲಿ ಎಂಟೂ ಬಾಸ್‌ಗಳು ಎರಡನೆಯ ಸಲ ಎದುರಾದಾಗ, ಅವನ ಲೋಹದ ಗರಗಸವನ್ನು ಅವನ ಮೇಲೆಯೇ ಎಸೆದರೆ ಒಂದೆರಡು ಏಟಿಗೆ ಕಥೆ ಮುಗಿಯುತ್ತದೆ. ತನ್ನ ವರವೇ ತನಗೆ ಮುಳುವಾದ ಭಸ್ಮಾಸುರನ ಗತಿ!

ಆದರೆ ಎಲ್ಲ ಕಷ್ಟವೂ ಒಂದೇ ಬಗೆಯದಲ್ಲ. ಕೋಟೆಯ ನಾಲ್ಕನೆಯ ಹಂತದಲ್ಲಿ ಗೋಡೆಗಳ ಮರೆಯಲ್ಲಿ ಕುಳಿತ ಐದು ಫಿರಂಗಿಗಳಿವೆ. ಅವನ್ನು ಒಡೆಯಬಲ್ಲದ್ದು ಕ್ರ್ಯಾಶ್‌ಮ್ಯಾನ್‌ನ ಬಾಂಬ್ ಒಂದೇ. ಅದು ಸಿಗುವುದು ಏಳೇ ಏಳು. ಅಡ್ಡಗೋಡೆ ಒಡೆಯಲೂ ಅದೇ ಬೇಕು. ಲೆಕ್ಕ ತಪ್ಪಿದರೆ ಮುಂದೆ ಗತಿಯಿಲ್ಲ. ಸತ್ತು ಮರಳಿದರೂ ಬಾಂಬ್ ತಾನಾಗಿ ತುಂಬುವುದಿಲ್ಲ. ಕ್ವಿಕ್‌ಮ್ಯಾನ್‌ನ ಹಂತವನ್ನು ಬೈಯುತ್ತಲೇ ಮೆಚ್ಚಿದ ಅಭಿಮಾನಿಗಳು ಈ ಕೋಣೆಯನ್ನು ಬರೀ ಬೈದರು. ಕೈಚಳಕದಿಂದಲೂ ನೆನಪಿನಿಂದಲೂ ಗೆಲ್ಲಬಹುದಾದ ಕಷ್ಟಕ್ಕೆ ಮರ್ಯಾದೆಯಿದೆ. ಗೊತ್ತಿಲ್ಲದೆ ಮಾಡಿದ ಖರ್ಚಿಗೆ ದಂಡ ಹಾಕುವ ಕಷ್ಟಕ್ಕೆ ಇಲ್ಲ. ಆಟ ರೂಪಿಸುವವರು ಪುಸ್ತಕಗಳಲ್ಲಿ ಬರೆಯುವ ಈ ತತ್ವವನ್ನು ಮಕ್ಕಳು ತಮ್ಮ ಸಿಟ್ಟಿನಲ್ಲಿಯೇ ಕಂಡುಕೊಂಡಿದ್ದರು.

ಅಮೆರಿಕದ ಆವೃತ್ತಿಯಲ್ಲಿ ಕ್ಯಾಪ್‌ಕಾಂ ‘ನಾರ್ಮಲ್’ ಮತ್ತು ‘ಡಿಫಿಕಲ್ಟ್’ ಎಂಬ ಎರಡು ಆಯ್ಕೆಗಳನ್ನಿಟ್ಟಿತು. ಜಪಾನಿನ ಮಕ್ಕಳು ಆಡಿದ ಮೂಲ ಆಟವೇ ಅಲ್ಲಿ ‘ಡಿಫಿಕಲ್ಟ್’. ‘ನಾರ್ಮಲ್’ ಎಂಬುದು ಎದುರಾಳಿಗಳು ಬೇಗ ಬೀಳುವ ಸುಲಭದ ದಾರಿ. ಸುಲಭವನ್ನು ಸುಲಭವೆಂದು ಕರೆಯದೆ ಸಾಮಾನ್ಯವೆಂದು ಕರೆದದ್ದರಲ್ಲಿ ವ್ಯಾಪಾರದ ಜಾಣ್ಮೆಯೂ ಇತ್ತು, ಆಡುವವನ ಮಾನ ಕಾಯುವ ಸೂಕ್ಷ್ಮವೂ ಇತ್ತು.

ಬೇಸರ ಮತ್ತು ಮರುಹುಟ್ಟು

ವರ್ಷಕ್ಕೊಂದರಂತೆ ಆಟಗಳು ಬಂದಾಗ ಬೇಸರವೂ ಬಂತು. ಜಪಾನಿನಲ್ಲಿ 1990ರಲ್ಲಿಯೇ ಹೊಸ ಯಂತ್ರ ಸೂಪರ್ ಫ್ಯಾಮಿಕಾಂ ಬಂದಿದ್ದರೂ ಆರನೆಯ ರಾಕ್‌ಮ್ಯಾನ್ 1993ರಲ್ಲಿ ಹಳೆಯ ಫ್ಯಾಮಿಕಾಂನಲ್ಲಿಯೇ ಹೊರಬಂತು. ಎಂಟು ಬಾಸ್, ಒಂದು ಕೋಟೆ, ಕೊನೆಗೆ ಅದೇ ವೈಲಿ ಎಂಬ ದೂರು ಕೇಳಿಬಂತು. ಕ್ಯಾಪ್‌ಕಾಂ ರಾಕ್‌ಮ್ಯಾನ್‌ಗೆ ಹೊಸ ಹೊಸ ಅವತಾರಗಳನ್ನು ಕೊಟ್ಟಿತು. ಮೂಲ ಮಾಲೆ ಕ್ರಮೇಣ ಹಿಂದೆ ಸರಿಯಿತು.

ಆ ಮೌನದ ನಡುವೆ ಎದ್ದದ್ದು 2007ರ ಹಾಡು. ಅದೇ ಕಾಲದಲ್ಲಿ ವೈಲಿಯ ಕೋಟೆಯ ಸಂಗೀತಕ್ಕೆ ಅಭಿಮಾನಿಗಳು ಬಾಲ್ಯದ ನೆನಪಿನ ಮಾತುಗಳನ್ನು ಜೋಡಿಸಿದ ಇನ್ನೊಂದು ಹಾಡೂ ಜನಪ್ರಿಯವಾಯಿತು. 2008ರ ಸೆಪ್ಟೆಂಬರ್‌ನಲ್ಲಿ ‘ರಾಕ್‌ಮ್ಯಾನ್ 9’ ಬಂದಾಗ ಎಲ್ಲರೂ ಬೆರಗಾದರು. ಹೊಸ ಕಾಲದ ಯಂತ್ರಗಳಲ್ಲಿ ಅದು 1988ರ ದಪ್ಪ ಚುಕ್ಕೆಗಳ ಚಿತ್ರ, ಹಳೆಯ ಧ್ವನಿಗಳೊಂದಿಗೆ ಬಂದಿತ್ತು. ಮೂರನೆಯ ಆಟದಲ್ಲಿ ಸೇರಿದ ಜಾರುವ ಚಲನೆಯನ್ನೂ, ನಾಲ್ಕನೆಯದರಲ್ಲಿ ಸೇರಿದ ಕೂಡಿಟ್ಟು ಹೊಡೆಯುವ ಗುಂಡನ್ನೂ ತೆಗೆದುಹಾಕಿ, ಎರಡನೆಯ ಆಟದ ಸರಳತೆಗೂ ಕಾಠಿಣ್ಯಕ್ಕೂ ಮರಳಿದ್ದರು. ಮೊದಲ ಆಟದ ಅಮೆರಿಕನ್ ಹೊದಿಕೆಯ ಮೇಲೆ ಪಿಸ್ತೂಲು ಹಿಡಿದು ನಿಂತಿದ್ದ ವಿಚಿತ್ರ ಮನುಷ್ಯನನ್ನು ಅಭಿಮಾನಿಗಳು ವರ್ಷಗಟ್ಟಲೆ ಗೇಲಿ ಮಾಡಿದ್ದರು. ಕಂಪನಿ ಆ ಗೇಲಿಯನ್ನೂ ಒಪ್ಪಿಕೊಂಡು, ಒಂಬತ್ತನೆಯ ಆಟದ ಪ್ರಚಾರಕ್ಕೆ ಅದೇ ಶೈಲಿಯ ಚಿತ್ರ ಬರೆಸಿತು.

ಭಾಗಿಯೇ, ಗಿರಾಕಿಯೇ?

ಅಭಿಮಾನಿಗಳೂ ಕಂಪನಿಯೂ ಇಷ್ಟು ಹತ್ತಿರವಾದ ಮೇಲೆ ಪೆಟ್ಟೂ ಹತ್ತಿರದಿಂದಲೇ ಬಿತ್ತು. 2010ರಲ್ಲಿ ಘೋಷಿತವಾದ ‘ಮೆಗಾಮ್ಯಾನ್ ಲೆಜೆಂಡ್ಸ್ 3’ ತಯಾರಿಕೆಯಲ್ಲಿ ಅಭಿಮಾನಿಗಳಿಗೆ ಪಾಲು ಕೊಡಲಾಗಿತ್ತು. ಹೊಸ ನಾಯಕಿಯ ರೂಪವನ್ನು ಅವರ ಮತದಿಂದಲೇ ಆರಿಸಲಾಯಿತು. ಅದೇ ವರ್ಷ ಇನಾಫುನೆ ಕ್ಯಾಪ್‌ಕಾಂ ಬಿಟ್ಟ. 2011ರ ಜುಲೈಯಲ್ಲಿ ಕಂಪನಿ ಆಟವನ್ನೇ ರದ್ದು ಮಾಡಿತು. ಲಕ್ಷ ಜನರನ್ನು ಕೂಡಿಸುವ ಗುರಿಯಿಟ್ಟು ಅಭಿಮಾನಿಗಳು ಚಳವಳಿ ಹೂಡಿದರೂ ನಿರ್ಧಾರ ಬದಲಾಗಲಿಲ್ಲ. ಚಿತ್ರ ಕಳಿಸಿದ ಮಕ್ಕಳು 1988ರಲ್ಲಿ ಕೇಳದಿದ್ದ ಪ್ರಶ್ನೆಯನ್ನು ಈಗ ದೊಡ್ಡವರು ಕೇಳಿದರು: ಈ ಆಟದಲ್ಲಿ ನಾವು ಭಾಗಿಗಳೇ, ಬರೀ ಗಿರಾಕಿಗಳೇ?

ಉತ್ತರ ಎರಡು ಬಗೆಯಲ್ಲಿ ಬಂತು. 2012ರ ಡಿಸೆಂಬರ್ 17ರಂದು, ರಾಕ್‌ಮ್ಯಾನ್‌ನ 25ನೆಯ ಹುಟ್ಟುಹಬ್ಬದ ದಿನ, ಸಿಂಗಪುರದ ಅಭಿಮಾನಿಯೊಬ್ಬ ಕಟ್ಟಿದ ‘ಸ್ಟ್ರೀಟ್ ಫೈಟರ್ ಎಕ್ಸ್ ಮೆಗಾಮ್ಯಾನ್’ ಆಟವನ್ನು ಕ್ಯಾಪ್‌ಕಾಂ ತಾನೇ ಹೊರತಂದು ಎಲ್ಲರಿಗೂ ಉಚಿತವಾಗಿ ಹಂಚಿತು. 2013ರಲ್ಲಿ ಇನಾಫುನೆ ಅದೇ ಮಾದರಿಯ ‘ಮೈಟಿ ನಂ. 9’ಕ್ಕಾಗಿ ನೇರವಾಗಿ ಅಭಿಮಾನಿಗಳ ಮುಂದೆ ಕೈಚಾಚಿದ. ಕೇಳಿದ್ದು 9 ಲಕ್ಷ ಡಾಲರ್. 67 ಸಾವಿರಕ್ಕೂ ಹೆಚ್ಚು ಮಂದಿ ಕೊಟ್ಟದ್ದು 38 ಲಕ್ಷ ಡಾಲರ್. ಇಲ್ಲಿಯೂ ನಾಯಕಿಯ ರೂಪಕ್ಕೆ ಮತದಾನ ನಡೆಯಿತು. ಆದರೆ ಮತ್ತೆ ಮತ್ತೆ ಮುಂದೂಡಿ 2016ರಲ್ಲಿ ಬಂದ ಆಟ ಸಪ್ಪೆಯಾಗಿತ್ತು. ಹಣ ಕೊಟ್ಟವರ ನಿರಾಸೆಗೆ ಮೇರೆಯಿರಲಿಲ್ಲ.

ಇತ್ತ ಅಭಿಮಾನಿಗಳು ತಮ್ಮತಮ್ಮಲ್ಲೇ ಹಂತಗಳನ್ನು ಕಟ್ಟುವ ಸ್ಪರ್ಧೆ ನಡೆಸಿದರು. ‘ಒಳ್ಳೆಯ ಮೆಗಾಮ್ಯಾನ್ ಹಂತ ಕಟ್ಟಿ’ ಎಂಬ ಕರೆಗೆ ಓಗೊಟ್ಟು ಬಂದ ಹಂತಗಳನ್ನು ತೀರ್ಪುಗಾರರು ಅಳೆದು, ಕೆಟ್ಟವನ್ನೂ ಬಿಡದೆ ಎಲ್ಲವನ್ನೂ ಒಂದೇ ಆಟವಾಗಿ ಹೆಣೆದರು. ಯಾವ ಹಳ್ಳ ನ್ಯಾಯವಾದದ್ದು, ಯಾವುದು ಬರೀ ಕಿರುಕುಳ ಎಂಬ ಪಾಠವನ್ನು ಕಟ್ಟಿದವರು ಆಡಿದವರಿಂದ ಕಲಿತರು. 2018ರ ಅಕ್ಟೋಬರ್‌ನಲ್ಲಿ ಕ್ಯಾಪ್‌ಕಾಂ ‘ಮೆಗಾಮ್ಯಾನ್ 11’ ತಂದಾಗ, ಅದರಲ್ಲಿ ಹೊಸಬರಿಂದ ಹಿಡಿದು ಪಳಗಿದವರವರೆಗೆ ನಾಲ್ಕು ಮಟ್ಟದ ಕಾಠಿಣ್ಯವಿತ್ತು. 1986ರಲ್ಲಿ ಒಂದಿಡೀ ಆಟವನ್ನು ಬದಿಗಿಡುವಂತೆ ಮಾಡಿದ್ದ ಪ್ರಶ್ನೆಗೆ ಅದು ನಿಧಾನವಾಗಿ ಸಿಕ್ಕ ಉತ್ತರ.

ಈ ಮೂರು ದಶಕಗಳ ಕಥೆಯಲ್ಲಿ ಒಂದು ವ್ಯತ್ಯಾಸ ಎದ್ದುಕಾಣುತ್ತದೆ. ಮುರಾಟಾನಂಥ ಮಕ್ಕಳು ಕೊಟ್ಟದ್ದು ಒಂದು ಕಾಗದದ ಮೇಲಿನ ಕಲ್ಪನೆ. ಅದನ್ನು ಕಾಳಗವಾಗಿಸುವ ಹೊಣೆ ಕಸುಬು ಬಲ್ಲವರದಾಗಿತ್ತು. ಮುಂದೆ ಅಭಿಮಾನಿಗಳಿಂದ ಮತವನ್ನೂ ಹಣವನ್ನೂ ಪಡೆದಾಗ, ಆ ಹೊಣೆಯನ್ನೂ ಅವರೊಡನೆ ಹಂಚಿಕೊಂಡ ಹಾಗೆ ಕಂಡಿತೇ ಹೊರತು, ಕೈಗೆ ಬಂದ ಆಟ ಅದರಿಂದ ಉತ್ತಮವಾಗಲಿಲ್ಲ. ಆಟಗಾರನಿಗೆ ಏನು ಬೇಕೆಂದು ಕೇಳುವುದು ಸುಲಭ. ಅವನು ಎಲ್ಲಿ ಸೋತ, ಸೋತ ಮೇಲೆ ನಕ್ಕನೋ ಎದ್ದುಹೋದನೋ ಎಂದು ಗಮನಿಸುವುದು ಕಷ್ಟದ ಕೆಲಸ. ಒಳ್ಳೆಯ ಹಂತಗಳು ಹುಟ್ಟಿದ್ದು ಆ ಗಮನದಿಂದ. ಏರ್‌ಮ್ಯಾನ್‌ನನ್ನು ಯಾವುದೋ ಮಗು ಬರೆಯಿತು, ಕಂಪನಿ ಅವನಿಗೆ ಸುಂಟರಗಾಳಿ ಕೊಟ್ಟಿತು, ಸೋತವರು ಹಾಡು ಕಟ್ಟಿದರು. ಆ ಆಟ ಇಂದಿಗೂ ಬದುಕಿರುವುದು ಈ ಮೂವರೂ ತಮ್ಮ ತಮ್ಮ ಪಾಲಿನದನ್ನು ಕೊಟ್ಟದ್ದರಿಂದ.